ಇಂದಿನ ಧಮ್ಮ ಚಿಂತನೆ: ‘ನಾನು ಅವರಲ್ಲ’ ಎಂದ ದಿನ



ಧಮ್ಮ ಬಂಧುಗಳೇ, ಇವತ್ತಿನ ಸರದಿ ನನ್ನದು. ದಿನಾ ಬರುವ ಚಿಂತನೆಗಿಂತ ಇದು ಉದ್ದವಾಗಿದೆ. ಬೆಳಗಿನ ಗಡಿಬಿಡಿಯಲ್ಲಿ ಬೇಡ, ರಾತ್ರಿ ಊಟವಾದ ಮೇಲೆ ಕೂತು ಓದಿ.

ಹೋದ ಭಾನುವಾರ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ನನ್ನನ್ನು ಕೇಳಿದ: “ಅಣ್ಣಾ, ಫಾರಿನ್ನಿಗೆ ಹೋದರೆ ಜಾತಿ ಬಿಟ್ಟು ಹೋಗುತ್ತಾ?” ಚಪ್ಪಲಿ ಹಾಕಿಕೊಳ್ಳುವ ಹೊತ್ತು. “ಹೋಗಿ ನೋಡಪ್ಪ, ಬಂದು ಹೇಳು” ಎಂದು ನಗಿಸಿ ಕಳಿಸಿದೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ನಾನು ಹೋಗಿ ನೋಡಿ ಬಂದವನೇ. ಉತ್ತರವೂ ಗೊತ್ತಿತ್ತು. ಹೇಳಲು ಮನಸ್ಸು ಬರಲಿಲ್ಲ, ಏಕೆಂದರೆ ಆ ಉತ್ತರದಲ್ಲಿ ನನ್ನದೊಂದು ತಪ್ಪೂ ಇದೆ.

2014ರಲ್ಲಿ ಕಂಪನಿಯವರು ನನ್ನನ್ನು ಮೂರು ತಿಂಗಳು ಹಂಗೇರಿ ದೇಶದ ರಾಜಧಾನಿ ಬುಡಾಪೆಸ್ಟಿಗೆ ಕಳಿಸಿದ್ದರು. ಜೊತೆಗೆ ಬಂದಿದ್ದವರೆಲ್ಲ ರಜೆ ಸಿಕ್ಕರೆ ವಿಯೆನ್ನಾ, ಪ್ರಾಗ್ ಎಂದು ಹೊರಡುತ್ತಿದ್ದರು. ನಾನು ಮಿಶ್ಕೋಲ್ತ್ಸ್‌ಗೆ ಹೋಗುತ್ತೇನೆ ಎಂದಾಗ ಆಫೀಸಿನ ಹಂಗೇರಿಯವರೇ ಹುಬ್ಬೇರಿಸಿದರು. “ಅಲ್ಲಿ ಏನಿದೆ? ಅಲ್ಲಿಗೆ ಯಾರು ಹೋಗ್ತಾರೆ?” ನಮ್ಮ ಕಡೆ ಯಾರಾದರೂ ವಿದೇಶಿಯವನು ಮೈಸೂರು, ಹಂಪಿ ಬಿಟ್ಟು ಒಬ್ಬನೇ ಭದ್ರಾವತಿಗೆ ಹೋಗುತ್ತೇನೆ ಎಂದರೆ ನಾವೂ ಹೀಗೇ ಕೇಳುತ್ತೇವಲ್ಲವೇ? ನಾನು ಭದ್ರಾವತಿಯವನೇ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ಆದ್ದರಿಂದ ಆ ಪ್ರಶ್ನೆ ನನಗೆ ಸ್ವಲ್ಪ ಚುಚ್ಚಿತು.

ಹೋಗಲು ಕಾರಣವಿತ್ತು. ಮಿಶ್ಕೋಲ್ತ್ಸ್ ಹತ್ತಿರ ಶಾಯೋಕಜ ಎಂಬ ಹಳ್ಳಿ. ಅಲ್ಲಿ ಬಾಬಾಸಾಹೇಬರ ಹೆಸರಿನ ಶಾಲೆ. ನಮ್ಮಲ್ಲಿ ಹಿರಿಯರಿಗೆ ಇದು ಗೊತ್ತಿರಬಹುದು, ಹೊಸಬರಿಗಾಗಿ ಹೇಳುತ್ತೇನೆ. ಹಂಗೇರಿಯಲ್ಲಿ ರೋಮಾ ಎಂಬ ಜನರಿದ್ದಾರೆ. ಊರಿನವರು ಅವರನ್ನು ಕರೆಯುವುದು ‘ಸಿಗಾನ್’ ಎಂದು. ಇಂಗ್ಲಿಷಿನಲ್ಲಿ ಜಿಪ್ಸಿ. ಕಂದು ಮೈಬಣ್ಣದವರು, ಊರ ಅಂಚಿನಲ್ಲಿ ಇರುವವರು, ಮಕ್ಕಳನ್ನು ಶಾಲೆಯಲ್ಲಿ ಬೇರೆ ಕೋಣೆಯಲ್ಲಿ ಕೂರಿಸಿಕೊಂಡವರು. ಅವರಲ್ಲಿ ಯಾನೋಶ್ ಓರ್ಶೋಶ್ ಎಂಬವರು, ಜೊತೆಗೆ ತಿಬೋರ್ ದೆರ್ದಾಕ್ ಎಂಬ ಸಮಾಜಶಾಸ್ತ್ರಜ್ಞರು, ಬಾಬಾಸಾಹೇಬರ ಬಗ್ಗೆ ಓದಿ, ಮಹಾರಾಷ್ಟ್ರಕ್ಕೆ ಬಂದು ನಮ್ಮ ಜನರನ್ನು ಕಂಡು, ವಾಪಸ್ಸು ಹೋಗಿ 2007ರಲ್ಲಿ ಆ ಶಾಲೆ ತೆರೆದರು. ಬೌದ್ಧರಾದರು. ತಮ್ಮ ಸಂಘಕ್ಕೆ ‘ಜೈ ಭೀಮ್’ ಎಂದೇ ಹೆಸರಿಟ್ಟುಕೊಂಡರು. ಇದನ್ನು ಕೇಳಿ ಹೋಗದೆ ಇರುವುದು ಹೇಗೆ?

ಒಂದು ಗುರುವಾರ ಬುಡಾಪೆಸ್ಟಿನ ಕೆಲೆತಿ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ. ಸುಮಾರು ಎರಡು ಗಂಟೆ ದಾರಿ. ಮಿಶ್ಕೋಲ್ತ್ಸ್‌ನಲ್ಲಿ ಇಳಿದರೆ ಇಂಗ್ಲಿಷ್ ಬೋರ್ಡು ಇಲ್ಲವೇ ಇಲ್ಲ ಎನ್ನಬೇಕು. ಪ್ರವಾಸಿಗರೇ ಬರುವುದಿಲ್ಲ ಎಂದಲ್ಲ. ಊರಾಚೆ ಗುಹೆಯೊಳಗೆ ಬಿಸಿನೀರಿನ ಸ್ನಾನದ ಜಾಗವಿದೆ, ದಿಯೋಶ್‌ಗ್ಯೋರ್ ಎಂಬಲ್ಲಿ ಹಳೆಯ ಕೋಟೆ ಇದೆ, ಅವರ ದೇಶದವರು, ನೆರೆದೇಶದವರು ಬಂದು ಹೋಗುತ್ತಾರೆ. ಆದರೆ ನನ್ನಂಥ ಮುಖದವನು ಬ್ಯಾಗು ಹಾಕಿಕೊಂಡು ಒಬ್ಬನೇ ಟ್ರಾಮಿನಲ್ಲಿ ಕೂತಿದ್ದರೆ ಜನ ಒಮ್ಮೆ ತಿರುಗಿ ನೋಡುತ್ತಾರೆ. ಟ್ರಾಮು ಊರ ಮುಖ್ಯಬೀದಿಯ ನಡುವೆಯೇ ಹಾದು ಹೋಗುತ್ತದೆ. ಕಾರ್ಖಾನೆಯ ಕಡೆಗೆ ಹೋದರೆ ಉದ್ದುದ್ದ ಗೋಡೆ, ಖಾಲಿ ಶೆಡ್ಡು, ಹೊಗೆಯಿಲ್ಲದ ಚಿಮಣಿ. ಒಂದು ಕಾಲಕ್ಕೆ ದೇಶದ ದೊಡ್ಡ ಉಕ್ಕಿನ ಊರು ಇದು. 1990ರ ಆಸುಪಾಸಿನಲ್ಲಿ ಹಳೆಯ ಸರ್ಕಾರ ಬಿದ್ದ ಮೇಲೆ ಕಾರ್ಖಾನೆಗಳೂ ಒಂದೊಂದಾಗಿ ನಿಂತವು. ಎರಡು ಲಕ್ಷ ದಾಟಿದ್ದ ಜನಸಂಖ್ಯೆ ನಾನು ಹೋಗುವ ಹೊತ್ತಿಗೆ 1.6 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಕೆಲಸ ಹೋದಾಗ ಮೊದಲು ಹೋದದ್ದು ರೋಮಾಗಳದ್ದು. ಕುಶಲ ಕೆಲಸ ಕಲಿಸದೆ ಭಾರ ಹೊರುವುದಕ್ಕೆ ಇಟ್ಟುಕೊಂಡವರನ್ನೇ ಮೊದಲು ಮನೆಗೆ ಕಳಿಸುವುದು, ಅಲ್ಲೂ ಅದೇ, ಇಲ್ಲೂ ಅದೇ.

ಆದರೂ ಆ ಮೊದಲ ಗಂಟೆ ನನಗೆ ಬಹಳ ಹಗುರವಾಗಿತ್ತು, ಸುಳ್ಳು ಹೇಳುವುದಿಲ್ಲ. ಒಬ್ಬರಿಗೂ ನಾನು ಗೊತ್ತಿಲ್ಲ. ನನ್ನ ಹೆಸರಿನಿಂದ, ನನ್ನ ಕನ್ನಡದ ಧಾಟಿಯಿಂದ, ಕೇರಿಯ ಹೆಸರಿನಿಂದ ಏನನ್ನೂ ಲೆಕ್ಕ ಹಾಕಲು ಅಲ್ಲಿ ಯಾರಿಗೂ ಬರುವುದಿಲ್ಲ. ಬೆಂಗಳೂರಿನಲ್ಲಿ ಮನೆ ಹುಡುಕುವಾಗ “ನೀವು ಯಾವ ಜನ?” ಎಂದು ನೇರವಾಗಿ ಕೇಳದವರು “ವೆಜ್ಜಾ, ನಾನ್‌ವೆಜ್ಜಾ?” ಎಂದು ಕೇಳುತ್ತಾರೆ. “ನಿಮ್ಮ ಕಡೆ ಹಬ್ಬ ಹೇಗೆ ಮಾಡ್ತೀರಿ?” ಎನ್ನುತ್ತಾರೆ. ನಾನೊಮ್ಮೆ “ನಾವು ಬೌದ್ಧರು” ಎಂದೆ. ಆ ಮನೆಯೊಡೆಯರು “ಓಹೋ, ಬೈಲಕುಪ್ಪೆ ಕಡೆಯವರಾ?” ಎಂದರು. ನನ್ನ ಮುಖ ನೋಡಿಯೂ ಟಿಬೆಟ್ಟಿನವನು ಎಂದುಕೊಂಡರೋ, ಬೇಕೆಂದೇ ಹಾಗೆ ಅಂದರೋ, ಗೊತ್ತಿಲ್ಲ. ನಾನು ತಿದ್ದಲಿಲ್ಲ. ಮನೆ ಸಿಕ್ಕಿತು. ಎರಡು ವರ್ಷ ಅಲ್ಲಿದ್ದೆ. ಇದನ್ನು ಯಾಕೆ ಹೇಳಿದೆ ಎಂದು ಮುಂದೆ ತಿಳಿಯುತ್ತದೆ.

ಉಳಿಯಲು ಒಂದು ಮನೆಯ ಮೇಲ್ಮಹಡಿಯ ಕೋಣೆ ಗೊತ್ತು ಮಾಡಿದ್ದೆ. ಬೆಲ್ ಒತ್ತಿದೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬಾಗಿಲಿನ ಸರಪಳಿ ತೆಗೆಯದೆ, ಒಂದು ಕಣ್ಣಿನಷ್ಟು ಸಂದು ಮಾಡಿ ನೋಡಿದರು. ಹಂಗೇರಿ ಭಾಷೆಯಲ್ಲಿ ಏನೋ ಗಟ್ಟಿಯಾಗಿ ಹೇಳಿದರು. ‘ಇಲ್ಲ, ಇಲ್ಲ’ ಎನ್ನುವುದು ಮಾತ್ರ ಅರ್ಥವಾಯಿತು. ಬಾಗಿಲು ಮುಚ್ಚುವ ಹೊತ್ತಿಗೆ ನಾನು ಪಾಸ್‌ಪೋರ್ಟು ಎತ್ತಿ ಹಿಡಿದು “ಇಂಡಿಯಾ! ಬುಕಿಂಗ್!” ಎಂದೆ.

ಆ ಮುಖ ಬದಲಾದದ್ದನ್ನು ನಾನು ಮರೆಯಲಾರೆ. ಸರಪಳಿ ತೆಗೆಯಿತು. “ಇಂಡಿಯಾ! ಬನ್ನಿ ಬನ್ನಿ, ಕ್ಷಮಿಸಿ, ನಾನು ಬೇರೆ ಯಾರೋ ಎಂದುಕೊಂಡೆ.” ಒಳ್ಳೆಯ ಹೆಂಗಸು, ಇದರಲ್ಲಿ ವ್ಯಂಗ್ಯವಿಲ್ಲ. ಶಾಲೆಯಲ್ಲಿ ರಷ್ಯನ್ ಟೀಚರಾಗಿದ್ದವರು, 1989ರ ನಂತರ ರಷ್ಯನ್ ಬೇಡವಾದಾಗ ಇಂಗ್ಲಿಷ್ ಕಲಿತು ಪಾಠ ಮಾಡಿದವರು. ಗಂಡ ಕಾರ್ಖಾನೆಯಲ್ಲಿದ್ದು ತೀರಿಕೊಂಡಿದ್ದರು. ನಿಂಬೆ ಹಾಕಿದ ಟೀ ಕೊಟ್ಟರು. ಪೊಗಾಚ ಎಂಬ ಉಪ್ಪುಪ್ಪಾದ ಪುಟ್ಟ ಬನ್ನು ಕೊಟ್ಟರು. ಯೋಗ, ಗಾಂಧಿ, ತಾಜಮಹಲು ಎಲ್ಲ ಕೇಳಿದರು. ಕೊನೆಗೆ ದನಿ ತಗ್ಗಿಸಿ, “ಕೆಳಗಿನ ಆ ಬೀದಿಗಳ ಕಡೆ ಸಂಜೆ ಹೋಗಬೇಡಿ, ಅಲ್ಲಿ ಸಿಗಾನ್‌ಗಳು ಇದ್ದಾರೆ. ನಿಮ್ಮನ್ನು ನೋಡಿದಾಗ ಮೊದಲು ನಾನು...” ಎಂದು ಕೈ ಅಲ್ಲಾಡಿಸಿ ನಕ್ಕರು.

ನಾನೂ ನಕ್ಕೆ. ತಲೆಯಾಡಿಸಿದೆ.

ಸಂಜೆ ನೀರು, ಹಣ್ಣು ತರಲು ಒಂದು ಅಂಗಡಿಗೆ ಹೋದೆ. ಒಳಗೆ ಕಾಲಿಟ್ಟಾಗಿನಿಂದ ಕಾವಲುಗಾರ ನನ್ನ ಹಿಂದೆಯೇ. ದುಡ್ಡು ಕೊಟ್ಟು ಹೊರಡುವಾಗ ಬ್ಯಾಗು ತೆರೆಯಲು ಸನ್ನೆ ಮಾಡಿದ. ನನ್ನ ಮುಂದೆ ಒಬ್ಬ ಹೆಂಗಸು, ಕಂಕುಳಲ್ಲಿ ಮಗು, ಆಕೆಯ ಚೀಲದಲ್ಲಿದ್ದುದನ್ನೆಲ್ಲ ಆಗಲೇ ಮೇಜಿನ ಮೇಲೆ ಸುರಿದಾಗಿತ್ತು. ಮೈಬಣ್ಣ ನನ್ನ ಅಕ್ಕನದ್ದೇ. ನಾನು ಬ್ಯಾಗು ತೆರೆಯಲಿಲ್ಲ. ನನ್ನ ಅತ್ಯಂತ ಚೆಂದದ ಆಫೀಸ್ ಇಂಗ್ಲಿಷಿನಲ್ಲಿ, “ಕ್ಷಮಿಸಿ, ನಾನು ಇಂಡಿಯಾದಿಂದ ಬಂದಿದ್ದೇನೆ, ಪ್ರವಾಸಿ” ಎಂದೆ. ಮತ್ತೆ ಅದೇ ಮುಖದ ಬದಲಾವಣೆ. “ಓ, ಇಂಡಿಯಾ!” ಕೈ ಕುಲುಕಿದ. ಆ ಹೆಂಗಸನ್ನು ಪಕ್ಕಕ್ಕೆ ಸರಿಸಿ ನನಗೆ ದಾರಿ ಬಿಟ್ಟ. ಆಕೆ ನನ್ನನ್ನು ನೋಡಿದಳು. ಸಿಟ್ಟಿನ ನೋಟವಲ್ಲ. ನಮ್ಮವನೇ ಇರಬೇಕು ಎಂದುಕೊಂಡಿದ್ದವಳಿಗೆ ಅಲ್ಲವೆಂದು ತಿಳಿದಾಗಿನ ನೋಟ, ಅಷ್ಟೆ.

ಬಂಧುಗಳೇ, ಕೋಣೆಗೆ ಬಂದು ಮಲಗಿದರೆ ನಿದ್ದೆ ಬರಲಿಲ್ಲ. ಬಾಬಾಸಾಹೇಬರು ತಮ್ಮ ಬದುಕಿನ ಕೆಲವು ಘಟನೆಗಳನ್ನು ಬರೆದಿಟ್ಟ ‘ವೇಟಿಂಗ್ ಫಾರ್ ಎ ವೀಸಾ’ ನೆನಪಾಯಿತು. ಹೊರದೇಶದವರಿಗೆ ಅಸ್ಪೃಶ್ಯತೆ ಎಂದರೇನೆಂದು ತಿಳಿಸಲು ಬರೆದದ್ದು ಅದು. ಅದರ ಮೊದಲ ಘಟನೆ 1901ರದು. ಒಂಬತ್ತು ವರ್ಷದ ಭೀಮ, ಅಣ್ಣ, ಅಕ್ಕನ ಮಕ್ಕಳು, ಒಳ್ಳೆಯ ಬಟ್ಟೆ ತೊಟ್ಟು ತಂದೆಯನ್ನು ಕಾಣಲು ರೈಲಿನಲ್ಲಿ ಬಂದು ಮಸೂರ್ ಸ್ಟೇಷನ್ನಿನಲ್ಲಿ ಇಳಿದಿದ್ದಾರೆ. ಕರೆದೊಯ್ಯಲು ಯಾರೂ ಬಂದಿಲ್ಲ. ಸ್ಟೇಷನ್ ಮಾಸ್ತರು ಬ್ರಾಹ್ಮಣರ ಮಕ್ಕಳೆಂದುಕೊಂಡು ಮರುಕದಿಂದ ವಿಚಾರಿಸುತ್ತಾರೆ. ಯಾರು ನೀವು? ಹುಡುಗ ಯೋಚಿಸದೆ ನಿಜ ಹೇಳಿಬಿಡುತ್ತಾನೆ, ಮಹಾರರು ಎಂದು. ಆ ಕ್ಷಣ ಮಾಸ್ತರರ ಮುಖ ಬದಲಾಗುತ್ತದೆ. ಆಮೇಲೆ ಗಾಡಿಯವರು ಯಾರೂ ಒಪ್ಪುವುದಿಲ್ಲ. ದುಪ್ಪಟ್ಟು ಬಾಡಿಗೆ ಕೊಟ್ಟು ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋಗಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ. ರಾತ್ರಿಯಿಡೀ ನೀರಿಲ್ಲ.

ಅಲ್ಲೂ ಒಂದು ಮುಖ ಬದಲಾಯಿತು, ನನ್ನೆದುರೂ ಒಂದು ಮುಖ ಬದಲಾಯಿತು. ಆ ಹುಡುಗ ನಿಜ ಹೇಳಿ ಕಳೆದುಕೊಂಡ. ನಾನೂ ನಿಜವನ್ನೇ ಹೇಳಿದೆ, ಹೇಳಿ ಗಳಿಸಿದೆ. ಹಾಗಾದರೆ ನನ್ನ ತಪ್ಪೇನು? ನಾನು ಭಾರತದವನು ಎನ್ನುವುದು ಸುಳ್ಳೇ? ನಾಲ್ಕನೇ ಶೀಲ ಮುರಿಯಿತೇ? ಮುಸಾವಾದ ಎಲ್ಲಿದೆ ಇದರಲ್ಲಿ?

ಇದೇ ಈವತ್ತಿನ ಚಿಂತನೆ. ನನಗೆ ಹತ್ತು ವರ್ಷ ಹಿಡಿದ ಪ್ರಶ್ನೆ ಎಂದರೂ ಸರಿ.

ಮಜ್ಝಿಮ ನಿಕಾಯದಲ್ಲಿ ಅಭಯ ರಾಜಕುಮಾರನಿಗೆ ಹೇಳಿದ ಒಂದು ಸುತ್ತವಿದೆ. ಮಾತು ನಿಜವಿದ್ದರೆ ಸಾಲದು, ಹಿತವಾಗಿರಬೇಕು, ಹಿತವಾಗಿದ್ದರೂ ಹೊತ್ತು ನೋಡಿ ಆಡಬೇಕು ಎನ್ನುವುದು ಅದರ ಸಾರ. ನಿಜವಾಗಿದ್ದೂ ಹಿತವಿಲ್ಲದ ಮಾತನ್ನು ತಥಾಗತರು ಆಡುವುದಿಲ್ಲ. ನಮ್ಮಲ್ಲಿ ಇದನ್ನು ಸಾಮಾನ್ಯವಾಗಿ ‘ಯಾರ ಮನಸ್ಸೂ ನೋಯಿಸಬೇಡಿ’ ಎಂದು ತಿಳಿಸಿ ಮುಗಿಸುತ್ತೇವೆ. ಅಷ್ಟೇ ಅಲ್ಲ ಎಂದು ನನಗೆ ಅಂದು ರಾತ್ರಿ ಹೊಳೆಯಿತು. ಹಿತ ಎಂದರೆ ಯಾರ ಹಿತ? ‘ನಾನು ಭಾರತದವನು’ ಎಂದು ನಾನು ಅಂದದ್ದು ಊರ ಹೆಸರು ತಿಳಿಸಲಿಕ್ಕಲ್ಲ. ‘ನಾನು ಅವಳಲ್ಲ’ ಎಂದು ತಿಳಿಸಲು. ಕಾವಲುಗಾರನಿಗೆ ಅರ್ಥವಾದದ್ದೂ ಅದೇ. ಅವನ ಕೈಯಲ್ಲಿದ್ದ ತಕ್ಕಡಿ ತಪ್ಪು ಎಂದು ನಾನು ಹೇಳಲಿಲ್ಲ. ನನ್ನನ್ನು ತಪ್ಪು ತಟ್ಟೆಯಲ್ಲಿ ಇಟ್ಟಿದ್ದೀ, ಆ ಕಡೆ ಇಡು ಎಂದೆ. ಮಾತು ನಿಜ, ಆದರೆ ಅದು ಮಾಡಿದ ಕೆಲಸ ಒಂದು ಸುಳ್ಳಿಗೆ ಹೆಗಲು ಕೊಡುವುದು. ಆ ಹೆಂಗಸು ಕಳ್ಳಿ, ಅವಳ ಜನ ಕಳ್ಳರು ಎಂಬ ಸುಳ್ಳಿಗೆ.

ನೀವು ಕೇಳಬಹುದು: ಪರದೇಶ, ಒಬ್ಬನೇ ಇದ್ದೆ, ಭಾಷೆ ಬಾರದು, ಇನ್ನೇನು ಮಾಡಬೇಕಿತ್ತು? ಜಗಳ ತೆಗೆಯಬೇಕಿತ್ತೇ? ಈ ಪ್ರಶ್ನೆ ನ್ಯಾಯವಾದದ್ದು. ಬಾಬಾಸಾಹೇಬರೂ ಒಮ್ಮೆ ತಮ್ಮದಲ್ಲದ ಹೆಸರು ಬರೆಸಿದ್ದರು. ಅಮೆರಿಕ, ಇಂಗ್ಲೆಂಡಿನಲ್ಲಿ ಓದುತ್ತ ತಾವು ಅಸ್ಪೃಶ್ಯರೆಂಬುದೇ ಮರೆತುಹೋಗಿದ್ದವರು 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಬಂದಾಗ ಉಳಿಯಲು ಜಾಗ ಸಿಗದೆ, ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರಿನಲ್ಲಿ ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ತಲೆಯ ಮೇಲೆ ಸೂರು ಬೇಕಾದವನು ಹೆಸರು ಮರೆಸಿದರೆ ಅವನ ಮೇಲೆ ಕಲ್ಲೆಸೆಯುವವನು ನಾನಲ್ಲ. ಬೆಂಗಳೂರಿನಲ್ಲಿ, ಪುಣೆಯಲ್ಲಿ ಸರ್‌ನೇಮು ಬಿಟ್ಟು ಬದುಕುವ ನಮ್ಮ ಹುಡುಗರನ್ನು, ಹುಡುಗಿಯರನ್ನು ಕಟಕಟೆಗೆ ನಿಲ್ಲಿಸುವವರನ್ನು ಕಂಡರೆ ನನಗೆ ಆಗುವುದೂ ಇಲ್ಲ. ಆದರೆ ನನ್ನ ಪರಿಸ್ಥಿತಿ ಅದಾಗಿರಲಿಲ್ಲ. ನನಗೆ ದೊಣ್ಣೆಯ ಭಯವಿರಲಿಲ್ಲ. ಬ್ಯಾಗು ತೆರೆದು ತೋರಿಸಿದ್ದರೆ ಅರ್ಧ ನಿಮಿಷ ಹೋಗುತ್ತಿತ್ತು, ಅಷ್ಟೇ. ಆ ಅರ್ಧ ನಿಮಿಷ ಆಕೆಯ ಪಕ್ಕ ಆಕೆಯಂತೆ ನಿಲ್ಲಲು ನನ್ನಿಂದ ಆಗಲಿಲ್ಲ.

ಇನ್ನೂ ಒಂದು ಸಂಗತಿ ನನಗೆ ಆಗ ಗೊತ್ತಿರಲಿಲ್ಲ, ಮಾರನೇ ದಿನ ತಿಳಿಯಿತು. ಅದೇ 2014ರಲ್ಲಿ ಆ ನಗರಸಭೆ ಒಂದು ನಿಯಮ ಮಾಡಿತ್ತು. ನಗರಸಭೆಯ ಹಳೆಯ, ಕಳಪೆ ಬಾಡಿಗೆ ಮನೆಗಳಲ್ಲಿದ್ದವರು ಮನೆ ಬಿಟ್ಟರೆ ಇಪ್ಪತ್ತು ಲಕ್ಷ ಫೋರಿಂಟ್‌ವರೆಗೆ ಪರಿಹಾರ. ಷರತ್ತು ಏನೆಂದರೆ ಆ ದುಡ್ಡಿನಲ್ಲಿ ಮನೆ ಕೊಳ್ಳಬೇಕಾದದ್ದು ನಗರದ ಗಡಿಯ ಆಚೆ, ಐದು ವರ್ಷ ಅದನ್ನು ಮಾರುವಂತಿಲ್ಲ. ಆ ಮನೆಗಳಲ್ಲಿದ್ದವರು ಹೆಚ್ಚಾಗಿ ರೋಮಾಗಳು. ಅಂದರೆ, ದುಡ್ಡು ತಗೊಳ್ಳಿ, ಊರು ಬಿಡಿ. ಮರುವರ್ಷ ಅವರ ಸರ್ವೋಚ್ಚ ನ್ಯಾಯಾಲಯ ಇದು ತಾರತಮ್ಯವೆಂದು ಷರತ್ತನ್ನು ರದ್ದು ಮಾಡಿತು. ಅಷ್ಟರಲ್ಲಿ ಎಷ್ಟೋ ಮನೆ ಖಾಲಿಯಾಗಿದ್ದವು. ಯೋಚಿಸಿ ನೋಡಿ. ತಲೆಮಾರುಗಳಿಂದ ಅಲ್ಲಿದ್ದವರಿಗೆ ಹೋಗಲು ದುಡ್ಡು ಕೊಡುವ ಊರು, ಮೂರು ದಿನಕ್ಕೆ ಬಂದ ನನಗೆ ಟೀ ಕೊಟ್ಟು ಉಪಚರಿಸಿತು. ನಾನು ಹೋಗುವವನು, ಅದಕ್ಕೆ ಉಪಚಾರ. ಅವರು ಇರುವವರು, ಅದಕ್ಕೆ ಸರಪಳಿ.

ಹುಡುಗ ಕೇಳಿದನಲ್ಲ, ಫಾರಿನ್ನಿಗೆ ಹೋದರೆ ಜಾತಿ ಬಿಟ್ಟು ಹೋಗುತ್ತಾ ಎಂದು. ನನ್ನ ಜಾತಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ಗೊತ್ತಿಲ್ಲದಿರುವುದಕ್ಕೂ ಸಮತೆಗೂ ಬಹಳ ಅಂತರವಿದೆ. ಬುದ್ಧರು ಇದನ್ನು ಬಲ್ಲವರಾಗಿದ್ದರು. ಅಸ್ಸಲಾಯನ ಎಂಬ ಬ್ರಾಹ್ಮಣ ತರುಣ ವರ್ಣಶ್ರೇಷ್ಠತೆಯ ವಾದ ಹೂಡಲು ಬಂದಾಗ ಅವರು ಪರದೇಶದ ಮಾತೆತ್ತುತ್ತಾರೆ. ಯೋನ, ಕಂಬೋಜ ದೇಶಗಳಲ್ಲಿ ನಾಲ್ಕು ವರ್ಣವಿಲ್ಲ, ಎರಡೇ ಇವೆ ಎಂದು ಕೇಳಿದ್ದೀಯಲ್ಲ, ಒಡೆಯ ಮತ್ತು ದಾಸ. ಒಡೆಯ ದಾಸನಾಗುತ್ತಾನೆ, ದಾಸ ಒಡೆಯನಾಗುತ್ತಾನೆ ಎನ್ನುತ್ತಾರೆ. ನಾವು ಈ ಸುತ್ತವನ್ನು ಓದುವಾಗ ಜಾತಿ ದೇವರು ಮಾಡಿದ್ದಲ್ಲ, ಗಡಿ ದಾಟಿದರೆ ಇಲ್ಲ ಎಂಬುದನ್ನು ಹಿಡಿದುಕೊಂಡು ಖುಷಿಪಡುತ್ತೇವೆ. ಸರಿಯೇ. ಆದರೆ ಗಡಿಯಾಚೆ ಎಲ್ಲರೂ ಸಮ ಎಂದು ತಥಾಗತರು ಹೇಳಲಿಲ್ಲ. ಅಲ್ಲೂ ಒಡೆಯ, ದಾಸ ಇದ್ದಾರೆ. ಹೊಸಬನಾಗಿ ಹೋದವನನ್ನು ಆ ಊರು ತನ್ನ ಲೆಕ್ಕದಲ್ಲಿ ಎಲ್ಲೋ ಒಂದು ಕಡೆ ಕೂರಿಸುತ್ತದೆ. ಕೆಳಗೆ ಕೂರಿಸಿದರೆ ನಾವು ಕಾಗದ ತೆಗೆದು ಮೇಲೆ ಹೋಗಲು ನೋಡುತ್ತೇವೆ. ಏಣಿಯನ್ನು ಹೊತ್ತು ಒಯ್ಯುವವರು ನಾವೇ.

ಶುಕ್ರವಾರ ಬೆಳಗ್ಗೆ ಬಸ್ಸು ಹಿಡಿದು ಶಾಯೋಕಜಕ್ಕೆ ಹೋದೆ. ಶಾಲೆಯ ಬಗ್ಗೆ ಬರೆಯತೊಡಗಿದರೆ ಇನ್ನೊಂದು ಚಿಂತನೆಯಾಗುತ್ತದೆ. ಗೋಡೆಯ ಮೇಲೆ ನೀಲಿ ಕೋಟಿನ ಬಾಬಾಸಾಹೇಬರು. ಅದೇ ಚಿತ್ರ, ನಮ್ಮ ಮನೆಯಲ್ಲಿರುವುದೇ. ಓದು ಅರ್ಧಕ್ಕೆ ಬಿಟ್ಟಿದ್ದ ಹದಿಹರೆಯದವರು, ಮದುವೆಯಾದವರೂ, ಹೈಸ್ಕೂಲು ಪರೀಕ್ಷೆಗೆ ತಯಾರಿ ನಡೆಸಿದ್ದರು. ಅವರ ಕಷ್ಟ ಕಡಿಮೆಯದಲ್ಲ. ಅದರ ಹಿಂದಿನ ವರ್ಷ, 2013ರ ಜನವರಿಯಲ್ಲಿ, ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ ಹಂಗೇರಿಯ ವಿರುದ್ಧ ತೀರ್ಪು ಕೊಟ್ಟಿತ್ತು: ಇಬ್ಬರು ರೋಮಾ ಹುಡುಗರನ್ನು ಬುದ್ಧಿಮಾಂದ್ಯ ಮಕ್ಕಳ ಶಾಲೆಗೆ ಹಾಕಿದ್ದು ಅನ್ಯಾಯ ಎಂದು. ಇಬ್ಬರ ಕಥೆಯಲ್ಲ ಅದು, ದಶಕಗಳ ರೂಢಿ.

ಅಲ್ಲಿನ ಹೆಚ್ಚಿನವರ ಮನೆಮಾತು ಹಂಗೇರಿಯನ್ನೇ. ಆದರೆ ರೋಮಾನಿ ಎಂಬ ಅವರ ಹಳೆಯ ಭಾಷೆಯ ಕೆಲವು ಶಬ್ದಗಳನ್ನು ಒಬ್ಬ ಟೀಚರ್ ಹಲಗೆಯ ಮೇಲೆ ಬರೆದು ತೋರಿಸಿದರು. ನೀರಿಗೆ ಪಾನಿ. ಮನುಷ್ಯನಿಗೆ ಮನುಶ್. ಮೂಗಿಗೆ ನಾಕ್, ಕಿವಿಗೆ ಕಾನ್. ಸಾವಿರ ವರ್ಷದಾಚೆ ಅವರ ಹಿರಿಯರು ಉತ್ತರ ಭಾರತದಿಂದ ಹೊರಟವರು ಎನ್ನುವುದಕ್ಕೆ ಭಾಷೆಯೇ ಸಾಕ್ಷಿ. ಕೇಳಿ ಮೈ ಜುಮ್ಮೆಂದಿತು. ಆದರೆ ಒಂದು ಎಚ್ಚರಿಕೆ: ‘ಅವರು ನಮ್ಮ ರಕ್ತ’ ಎಂದು ಕುಣಿಯುವ ಫಾರ್ವರ್ಡುಗಳು ಬರುತ್ತಿರುತ್ತವೆ, ಅವನ್ನು ನಂಬಿ ಕಳಿಸಬೇಡಿ. ರಕ್ತದ ಲೆಕ್ಕ ಬೇಡವೆಂದೇ ಅಲ್ಲವೇ ನಾವು ಧಮ್ಮಕ್ಕೆ ಬಂದದ್ದು? ಅವರು ಬಾಬಾಸಾಹೇಬರನ್ನು ಹಿಡಿದದ್ದು ರಕ್ತದಿಂದಲ್ಲ, ಬೇರೆ ಬೆಂಚಿನ ನೆನಪಿನಿಂದ.

ಹದಿನಾರರ ಒಬ್ಬ ಹುಡುಗಿ ಟೀಚರ್ ಮೂಲಕ ನನ್ನನ್ನು ಕೇಳಿದಳು: “ನಿಮ್ಮ ದೇಶದಲ್ಲಿ ನೀವು ಸಿಗಾನ್ ಆ?”

ನೇರ ಪ್ರಶ್ನೆ. ಮನೆ ಬಾಡಿಗೆಗೆ ಕೇಳಿದ ಪ್ರಶ್ನೆಯೂ ಇದೇ ತಾನೇ? ಆದರೆ ಇದು ಬಾಗಿಲು ಹಾಕಲು ಕೇಳಿದ್ದಲ್ಲ. ರಾಜಗೃಹದ ಕುಂಬಾರನ ಕೊಟ್ಟಿಗೆಯಲ್ಲಿ ಪುಕ್ಕುಸಾತಿ ಎಂಬ ಪಯಣಿಗನೂ ತಥಾಗತರೂ ಒಂದು ರಾತ್ರಿ ತಂಗಿದ ಕಥೆ ನಿಮಗೆ ನೆನಪಿರಬಹುದು.  ತಥಾಗತರು ಅವನ ಕುಲ ಕೇಳಲಿಲ್ಲ. ಯಾರ ಧಮ್ಮ ನಿನಗೆ ಹಿಡಿಸಿದೆ ಎಂದು ಕೇಳಿದರು. ಕೇಳುವುದರಲ್ಲಿ ಇಷ್ಟು ಬಗೆ ಇದೆ. “ಹೌದು” ಎಂದೆ ಆ ಹುಡುಗಿಗೆ. “ನಮ್ಮ ದೇಶದಲ್ಲಿ ನಾನು ಅದೇ.” ಅವಳು ಟೀಚರ್ ಕಡೆ ತಿರುಗಿ ಏನೋ ಹೇಳಿ ನಕ್ಕಳು. ಏನೆಂದಳು ಎಂದೆ. “ಹಾಗಾದರೆ ನಿಮಗೆ ಬ್ಯಾಗು ತೆರೆಸಿರಬೇಕಲ್ಲ ಎಂದು ಕೇಳುತ್ತಿದ್ದಾಳೆ” ಎಂದರು ಟೀಚರ್. ನಾನು ಉತ್ತರ ಕೊಡಲಿಲ್ಲ. ಹೊರಡುವಾಗ ಆಕೆ ನೋಟ್‌ಬುಕ್ಕಿನ ಹಾಳೆ ಹರಿದು ತನ್ನ ಲಿಪಿಯಲ್ಲಿ ದೊಡ್ಡದಾಗಿ ‘ಜೈ ಭೀಮ್’ ಎಂದು ಬರೆದುಕೊಟ್ಟಳು.

ರಾತ್ರಿ ಅಜ್ಜಿ ಮತ್ತೆ ಟೀ ಮಾಡಿದರು. ಎಲ್ಲಿ ಹೋಗಿದ್ದಿರಿ ಎಂದರು. ಹೇಳಿದೆ. ಅವರಿಗೆ ಆ ಹಳ್ಳಿಯ ಹೆಸರೇ ಕಿರಿಕಿರಿಯಾಯಿತು. ನಾನು ತಡೆದು ತಡೆದು ಹೇಳಿದೆ: “ಅಮ್ಮಾ, ನಿನ್ನೆ ನೀವು ಸಿಗಾನ್‌ಗಳ ಬಗ್ಗೆ ಹೇಳಿದಾಗ ನಾನು ನಕ್ಕೆ. ನಗಬಾರದಿತ್ತು. ನಮ್ಮ ದೇಶದಲ್ಲಿ ನಮ್ಮ ಜನ ಅವರ ಜಾಗದಲ್ಲಿದ್ದಾರೆ. ನಮ್ಮಪ್ಪನಿಗೆ ಟೀಯಂಗಡಿಯಲ್ಲಿ ಬೇರೆ ಲೋಟ ಇತ್ತು.” ಆಕೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಆದರೆ ನೀವು ಇಂಜಿನಿಯರ್. ನೀವು ಅವರ ಹಾಗಲ್ಲ” ಎಂದರು. ಈ ಮಾತು ನಿಮಗೆ ಹೊಸದೇನಲ್ಲ. ‘ನೀನು ಅವರ ಥರ ಅಲ್ಲ ಬಿಡೋ’ ಎಂದು ಕಾಲೇಜಿನಲ್ಲಿ ಎಷ್ಟು ಸಲ ಕೇಳಿಲ್ಲ ನಾವು? ಅದನ್ನು ಹೊಗಳಿಕೆ ಎಂದುಕೊಂಡು ಮನೆಗೆ ಹೊತ್ತು ತಂದ ದಿನಗಳೂ ಇವೆ. ನಾನು ಅಂದೆ, “ನಾನು ಅವರ ಹಾಗೇ. ನನಗೆ ಶಾಲೆ ಸಿಕ್ಕಿತು, ಅಷ್ಟೇ.” ಟೀಚರಾಗಿದ್ದವರಲ್ಲವೇ, ಆ ಮಾತಿಗೆ ಅವರ ಬಳಿ ಉತ್ತರವಿತ್ತೋ ಇಲ್ಲವೋ, ಹೇಳಲಿಲ್ಲ. ಲೋಟ ಎತ್ತಿಕೊಂಡು ಒಳಗೆ ಹೋದರು. ಆ ಅಜ್ಜಿಯ ಮನಸ್ಸು ಬದಲಾಯಿತು ಎಂದು ನಾನು ಹೇಳಲಾರೆ. ಬೆಳಗ್ಗೆ ಎದ್ದಾಗ ಬಾಗಿಲ ಬಳಿ ಕಾಗದದಲ್ಲಿ ಕಟ್ಟಿದ ಪೊಗಾಚ ಇತ್ತು, ಅವರು ಮಾತ್ರ ಕಾಣಲಿಲ್ಲ.

ಶನಿವಾರ ರೈಲಿಗೆ ಮುಂಚೆ ಅದೇ ಅಂಗಡಿಗೆ ಹೋದೆ. ಬೇಕೆಂದೇ ಹೋದೆ. ನೀರಿನ ಬಾಟಲಿ ತೆಗೆದುಕೊಂಡೆ. ಕಾವಲುಗಾರ ಬೇರೆಯವನು, ಹುಡುಗ, ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಬ್ಯಾಗು ತೋರಿಸಿ ಸನ್ನೆ ಮಾಡಿದ. ಇಂಗ್ಲಿಷು ಗಂಟಲವರೆಗೆ ಬಂತು. ನುಂಗಿಕೊಂಡೆ. ತೆರೆದೆ.

ಇದರಿಂದ ಆ ಹೆಂಗಸಿಗೆ ಏನೂ ಆಗಲಿಲ್ಲ ಎಂದು ನನಗೆ ಗೊತ್ತು. ಜೇಬಿನಲ್ಲಿ ಪಾಸ್‌ಪೋರ್ಟು ಇಟ್ಟುಕೊಂಡು ಬ್ಯಾಗು ತೆರೆಯುವವನಿಗೂ, ಪಾಸ್‌ಪೋರ್ಟೇ ಇಲ್ಲದೆ ದಿನಾ ತೆರೆಯುವವಳಿಗೂ ಹೋಲಿಕೆಯಿಲ್ಲ ಎಂದೂ ಗೊತ್ತು. ಆದರೂ ಗುರುವಾರ ಸಂಜೆಯ ಅರ್ಧ ನಿಮಿಷ ನನ್ನ ಮೇಲೆ ಸಾಲವಿತ್ತು.

ಅವನು ಒಂದೊಂದೇ ಹೊರಗೆ ತೆಗೆದ. ಸ್ವೆಟರು. ಔಷಧಿ ಡಬ್ಬಿ. ಪೊಗಾಚದ ಪೊಟ್ಟಣ. ಆಮೇಲೆ ಆ ಹಾಳೆ. ಬಿಡಿಸಿದ. ಅವನದೇ ಲಿಪಿ, ಆದ್ದರಿಂದ ಓದಲು ಬಂತು, ಅರ್ಥ ಮಾತ್ರ ಆಗಲಿಲ್ಲ. ಹುಬ್ಬು ಗಂಟಿಕ್ಕಿ, ಅಕ್ಷರ ಕೂಡಿಸುತ್ತ, ಗಟ್ಟಿಯಾಗಿಯೇ ಓದಿದ.

“ಜೈ... ಭೀಮ್?”

ರೂಢಿ ನೋಡಿ. ಬಾಯಿಗೆ ತಾನಾಗಿ ಬಂತು. “ಜೈ ಭೀಮ್” ಎಂದೆ.

ಅವನು ಹಾಳೆಯನ್ನು ಮೊದಲಿದ್ದಂತೆಯೇ ಮಡಿಚಿ ಸ್ವೆಟರಿನ ಮೇಲೆ ಇಟ್ಟು ಬ್ಯಾಗು ನನ್ನ ಕಡೆ ತಳ್ಳಿದ.

ಭವತು ಸಬ್ಬ ಮಂಗಲಂ.